ಅನ್ನ ಬಿಟ್ಟು ಮುದ್ದೆ ಹಿಡಿದರೂ ಶುಗರ್ ಇಳಿಯುತ್ತಿಲ್ಲ. ಮನೆ ಅಡುಗೆ ಹೇಗೆ ಬದಲಾಯಿಸೋದು?

ತುಮಕೂರಿನ ಸೊಸೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮಾವನಿಗೆ 63 ವರ್ಷ. ಆರು ತಿಂಗಳ ಹಿಂದೆ ಟೈಪ್ 2 ಶುಗರ್ ಅಂತ ಗೊತ್ತಾಯಿತು. ಆಗ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 8.6 ಇತ್ತು, ಈಗ 8.4. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆ ನಡೆಯುತ್ತಿವೆ.

ಡಾಕ್ಟರು "ಅನ್ನ ಕಮ್ಮಿ ಮಾಡಿ" ಅಂದರು. ಮಾವ ಹಠಗಾರರು, ಅವತ್ತೇ ಅನ್ನ ಬಿಟ್ಟರು. ಬಿಟ್ಟು ಹಿಡಿದದ್ದು ಎರಡು ಹೊತ್ತೂ ಮುದ್ದೆ. ಬೆಳಗ್ಗೆ ರಾಗಿ ದೋಸೆ, ಸಂಜೆ ಕಾಫಿಗೆ ರಾಗಿ ಬಿಸ್ಕತ್ತು. "ರಾಗಿ ತಿಂದವ ನಿರೋಗಿ" ಅಂತ ಗಾದೆ ಬೇರೆ ಹೇಳುತ್ತಾರೆ. ಮಧ್ಯಾಹ್ನ ಊಟವಾಗಿ ಎರಡು ಗಂಟೆ ಬಿಟ್ಟು ನೋಡಿದರೆ 230, 245. "ಅನ್ನ ಮುಟ್ಟಿಲ್ಲ ಕಣಮ್ಮ, ನಿನ್ನ ಮೀಟರೇ ಕೆಟ್ಟಿದೆ" ಅಂತಾರೆ.

ಮನೆಯಲ್ಲಿ ಆರು ಜನ. ಇಬ್ಬರು ಸ್ಕೂಲ್ ಮಕ್ಕಳು. ನಾನು ಒಂಬತ್ತಕ್ಕೆ ಕೆಲಸಕ್ಕೆ ಹೊರಡಬೇಕು. ಎರಡೆರಡು ಅಡುಗೆ ನನ್ನಿಂದ ಆಗಲ್ಲ. ಲೋ ಕಾರ್ಬ್ (ಪಿಷ್ಟ, ಸಕ್ಕರೆ ಕಮ್ಮಿ ಇರುವ ಊಟ) ಅಂತ ಹುಡುಕಿದರೆ ಬಾದಾಮಿ ಹಿಟ್ಟಿನ ಬ್ರೆಡ್ಡು, ಚೀಸು, ಆಲಿವ್ ಎಣ್ಣೆ. ನಮ್ಮನೆಯಲ್ಲಿ ಅದನ್ನ ಯಾರು ತಿನ್ನುತ್ತಾರೆ? ಮುದ್ದೆ, ಸಾರು, ಪಲ್ಯದ ಮನೆಗೆ ಆಗುವಂಥದ್ದು ಏನಾದರೂ ಇದ್ದರೆ ಹೇಳಿ.

ಹಳೇ ಶುಗರ್:
ತಾಯಿ, ನನಗೆ ಹನ್ನೆರಡು ವರ್ಷದ ಶುಗರ್. ಮೊದಲ ಎರಡು ವರ್ಷ ನಿಮ್ಮ ಮಾವ ಮಾಡಿದ್ದನ್ನೇ ನಾನೂ ಮಾಡಿದೆ. ಮೈಸೂರಿನವನು, ಅನ್ನ ಬಿಟ್ಟು ಚಪಾತಿಗೆ ಇಳಿದೆ. ರಾತ್ರಿ ಐದು ಚಪಾತಿ! ಚಪಾತಿ ಅಂದರೆ ಔಷಧಿ ಅನ್ನೋ ಹಾಗೆ ತಿನ್ನುತ್ತಿದ್ದೆ. ಒಂದು ಚಪಾತಿಗೆ 30 ಗ್ರಾಂ ಹಿಟ್ಟು ಹಿಡಿದರೂ ಹತ್ತಿರ ಹತ್ತಿರ 20 ಗ್ರಾಂ ಕಾರ್ಬ್. ಐದಕ್ಕೆ ನೂರು. ಶುಗರ್ ಹೇಗೆ ಇಳಿಯುತ್ತೆ ಹೇಳಿ?

ಒಂದು ಕೆಲಸ ಮಾಡಿ. ಮಾವನ ಮುದ್ದೆಯನ್ನ ಒಂದು ಸಲ ತೂಕಕ್ಕೆ ಹಾಕಿ. ಆಮೇಲೆ ಮಾತಾಡೋಣ.

ಶಿವಮೊಗ್ಗದ ಡಯಟೀಶಿಯನ್:
ಹಿರಿಯರು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬ್. 100 ಗ್ರಾಂ ರಾಗಿ ಹಿಟ್ಟಿನಲ್ಲಿ 67ರಿಂದ 70. ಜೋಳ, ನವಣೆ, ಸಾಮೆ, ಹಾರಕ ಯಾವುದು ತಗೊಂಡರೂ 60ರಿಂದ 70ರ ಆಸುಪಾಸು. ರಾಗಿಯಲ್ಲಿ ನಾರು ಜಾಸ್ತಿ, ಸುಣ್ಣದಂಶವಂತೂ ಅಕ್ಕಿಯ ಎಷ್ಟೋ ಪಟ್ಟು. ಒಳ್ಳೆಯ ಧಾನ್ಯವೇ, ಅನುಮಾನ ಬೇಡ. ಆದರೆ ಧಾನ್ಯ ಧಾನ್ಯವೇ. ನುಣ್ಣಗೆ ಬೀಸಿ, ಬೇಯಿಸಿ ತಿಂದರೆ ರಕ್ತಕ್ಕೆ ಬೇಗ ಸೇರುತ್ತದೆ.

2025ರಲ್ಲಿ ಬಂದ ಐಸಿಎಂಆರ್-ಇಂಡಿಯಾಬ್ ಅನ್ನುವ ದೇಶವ್ಯಾಪಿ ಡಯಾಬಿಟಿಸ್ ಅಧ್ಯಯನ ಇದನ್ನೇ ಹೇಳಿತು. ನಮ್ಮ ದೇಶದವರು ತಿನ್ನುವ ಕ್ಯಾಲೊರಿಯಲ್ಲಿ ಸರಾಸರಿ ಶೇ 62 ಕಾರ್ಬ್‌ನಿಂದಲೇ ಬರುತ್ತದೆ. ಅಕ್ಕಿಯಂಥವನ್ನು ಬಿಟ್ಟು ಅಷ್ಟೇ ಗೋಧಿ ಹಿಟ್ಟು, ಸಿರಿಧಾನ್ಯದ ಹಿಟ್ಟು ತಿಂದರೆ ಡಯಾಬಿಟಿಸ್ ಅಪಾಯ ಇಳಿದದ್ದು ಕಾಣಲಿಲ್ಲ. ಒಟ್ಟು ಕಾರ್ಬ್ ಸ್ವಲ್ಪ ತೆಗೆದು ಆ ಜಾಗಕ್ಕೆ ಬೇಳೆ-ಕಾಳು, ಹಾಲು-ಮೊಸರಿನ ಪ್ರೊಟೀನ್ ಬಂದಾಗ ಇಳಿದದ್ದು ಕಂಡಿತು.

ನಿಮ್ಮ ಪೋಸ್ಟ್‌ನಲ್ಲಿ ಗ್ಲಿಮೆಪಿರೈಡ್ ಅಂತ ಇದೆ. ಊಟ ಬದಲಾಯಿಸುವ ಮೊದಲು ಡಾಕ್ಟರಿಗೆ ಒಂದು ಮಾತು ತಿಳಿಸಿ. ಅದು ಊಟ ಮಾಡಿದರೂ ಬಿಟ್ಟರೂ ಶುಗರ್ ಇಳಿಸುವ ಮಾತ್ರೆ. ಕಾರ್ಬ್ ದಿಢೀರ್ ಅಂತ ಕಮ್ಮಿಯಾದರೆ ಶುಗರ್ ತೀರಾ ಕೆಳಗೆ ಬೀಳಬಹುದು. ಇನ್ಸುಲಿನ್ ತಗೊಳ್ಳುವವರಿಗೂ ಇದೇ ಮಾತು.

ತುಮಕೂರಿನ ಸೊಸೆ:
ತೂಕ ಹಾಕಿದೆ. ಒಂದು ಮುದ್ದೆ 340 ಗ್ರಾಂ! ಮಾವ ಎರಡನೇದನ್ನ "ಅರ್ಧ ಹಾಕು" ಅಂತಾರೆ, ಆ ಅರ್ಧ 190.

ಹಳೇ ಶುಗರ್:
ಹಿಟ್ಟಿನ ಎರಡರಷ್ಟು ನೀರು ಅಂತ ಲೆಕ್ಕ ಹಿಡಿಯಿರಿ. 340ರಲ್ಲಿ ಹಿಟ್ಟೇ 110 ಗ್ರಾಂ ದಾಟುತ್ತೆ. ಕಾರ್ಬ್ 75. ಅದೇ 75 ಅನ್ನದಿಂದ ಬರಬೇಕು ಅಂದರೆ 270 ಗ್ರಾಂ ಅನ್ನ ಉಣ್ಣಬೇಕು. ಮಾವ ಅನ್ನ ಬಿಟ್ಟಿಲ್ಲ ತಾಯಿ, ಬಣ್ಣ ಬದಲಾಯಿಸಿದ್ದಾರೆ.

ಕೀಟೋ ಕುಮಾರ:
ಅಕ್ಕ, ನೇರ ಮಾತು ಹೇಳುತ್ತೇನೆ. ಧಾನ್ಯ ಪೂರ್ತಿ ನಿಲ್ಲಿಸಿ. ನಾನು ದಿನಕ್ಕೆ 20 ಗ್ರಾಂ ಕಾರ್ಬ್ ಮೇಲೆ ಹೋಗಲ್ಲ. ಬೆಳಗ್ಗೆ ಮೂರು ಮೊಟ್ಟೆ, ಮಧ್ಯಾಹ್ನ ಪನೀರ್ ಅಥವಾ ಚಿಕನ್, ರಾತ್ರಿ ಹೂಕೋಸಿನ ಅನ್ನಕ್ಕೆ (ಅಕ್ಕಿ ಇಲ್ಲ, ಬರೀ ತುರಿದ ಹೂಕೋಸು) ತುಪ್ಪ. ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ 7.9ರಿಂದ 5.8. ಹನ್ನೊಂದು ಕೆಜಿ ಇಳಿದೆ. ಮುದ್ದೆ, ಜೋಳ, ಸಿರಿಧಾನ್ಯ ಎಲ್ಲ ಸುಮ್ನೆ ಸಮಾಧಾನಕ್ಕೆ.

ಧಾರವಾಡದಾಕಿ:
ಕುಮಾರ ಅವರೇ, ನಿಮಗೆ ಮೂವತ್ತೈದು ಇರಬಹುದು. 63ರ ಹಿರಿಯರಿಗೆ ಮುದ್ದೆ ಬಿಡು ಅಂದರೆ ಅವರು ನಾಲ್ಕು ದಿನ ಬಿಡುತ್ತಾರೆ, ಐದನೇ ದಿನ ಪಕ್ಕದ ಬೀದಿ ಹೋಟೆಲ್ಲಿಗೆ ಹೋಗುತ್ತಾರೆ. ನಮ್ಮ ಅಪ್ಪ ಹಂಗೇ ಮಾಡಿದ್ದು. ಜೇಬಿನೊಳಗೆ ಮಿರ್ಚಿಯ ಕಾಗದ ಸಿಕ್ಕಿತು.

ನಮ್ಮ ಕಡೆ ತಾಟು ನೋಡಿರಿ. ಎರಡು ಜೋಳದ ರೊಟ್ಟಿ, ಪಕ್ಕಕ್ಕೆ ಹೆಸರುಕಾಳಿನ ಪಲ್ಯ, ಪುಂಡಿಪಲ್ಯ, ಝುಣಕ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಗಟ್ಟಿ ಮೊಸರು. ಅದರ ಮೇಲೆ ಹಸಿ ಮೆಂತ್ಯ ಸೊಪ್ಪು, ಹಕ್ಕರಿಕೆ, ಸೌತೆಕಾಯಿ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲು. ಹಿಂದಿನವರು ಸೊಪ್ಪನ್ನು ಹಿಡಿಗಟ್ಟಲೆ ತಿನ್ನುತ್ತಿದ್ದರು. ನಾವು ಸೊಪ್ಪು ಬಿಟ್ಟು ರೊಟ್ಟಿ ಹೆಚ್ಚಿಸಿದೆವು.

ನಾನು ಅಪ್ಪನಿಗೆ ಮಾಡಿದ್ದು ಇಷ್ಟೇ: ರೊಟ್ಟಿ ನಾಲ್ಕಿದ್ದದ್ದು ಒಂದೂವರೆ. ಉಳಿದ ಜಾಗ ತುಂಬಿಸೋದು ಪಲ್ಯದಿಂದ. ಒಂದೇ ಪಲ್ಯ ಇದ್ದರೆ ಎರಡು ಬಟ್ಟಲು. ಎಣ್ಣೆ ಬದನೆಕಾಯಿಗೆ ಬೆಲ್ಲ ಹಾಕಲ್ಲ, ಶೇಂಗಾ ಪುಡಿ ಜಾಸ್ತಿ. ಮನೆಮಂದಿಗೆಲ್ಲ ಅದೇ ಅಡುಗೆ, ಅಪ್ಪನ ತಾಟಿನೊಳಗೆ ಲೆಕ್ಕ ಬೇರೆ.

ಹಳೇ ಶುಗರ್:
ಧಾರವಾಡದಾಕಿ, ಬಂಗಾರದಂಥ ಮಾತು. ನಮ್ಮ ಕಡೆಯವರಿಗೆ ನಾನು ಹೇಳೋದು: ಮುದ್ದೆಗೆ ಪಲ್ಯ ನಂಚಿಕೊಳ್ಳಬೇಡಿ, ಪಲ್ಯಕ್ಕೆ ಮುದ್ದೆ ನಂಚಿಕೊಳ್ಳಿ.

ಸೊಸೆಯಮ್ಮ, ಬಸ್ಸಾರು ಮಾಡುತ್ತೀರಲ್ಲ? ಅದಕ್ಕಿಂತ ಒಳ್ಳೆ ಊಟ ಬೇಕಾ? ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿಗೆ ಮಸಾಲೆ ರುಬ್ಬಿ ಸಾರು. ಉಳಿದ ಸೊಪ್ಪು-ಕಾಳಿಗೆ ಒಗ್ಗರಣೆ, ಕಾಯಿತುರಿ, ಪಲ್ಯ ರೆಡಿ. ನಮ್ಮನೆಯಲ್ಲಿ ಮೊದಲು ಸಾರು-ಮುದ್ದೆ ಖಾಲಿಯಾಗುತ್ತಿತ್ತು, ಪಲ್ಯ ರಾತ್ರಿವರೆಗೂ ಹಾಗೇ ಕೂತಿರುತ್ತಿತ್ತು. ಈಗ ಮೊದಲು ಒಂದು ಬಟ್ಟಲು ಪಲ್ಯ ಬರೀ ತಿನ್ನುತ್ತೇನೆ. ಆಮೇಲೆ ಸಣ್ಣ ಮುದ್ದೆ. ಅದಕ್ಕೆ ಸಾರು ಎಷ್ಟು ಬೇಕಾದರೂ. ಕಾಳಿನಲ್ಲೂ ಕಾರ್ಬ್ ಇದೆ, ಇಲ್ಲ ಅನ್ನಲ್ಲ. ಆದರೆ ಹಲಸಂದೆ, ಹುರುಳಿ, ಹೆಸರುಕಾಳಿನಲ್ಲಿ ಪ್ರೊಟೀನು, ನಾರು ಎರಡೂ ಸೇರಿಕೊಂಡು ನಿಧಾನಕ್ಕೆ ಏರುತ್ತದೆ.

ಇನ್ನೊಂದು. ಮದುವೆಮನೆ ಎಲೆ ನೆನಪು ಮಾಡಿಕೊಳ್ಳಿ. ಮೊದಲು ಬರೋದು ಏನು? ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ಅನ್ನ ಬರೋದು ಆಮೇಲೆ. ನಾವು ಕೈ ಕಟ್ಟಿಕೊಂಡು ಅನ್ನಕ್ಕೆ ಕಾಯುತ್ತೀವಿ! ಕೋಸಂಬರಿ, ಪಲ್ಯ ಮೊದಲೇ ಮುಗಿಸಿ ನೋಡಿ. ನಾನು ಮೀಟರ್ ಇಟ್ಟು ನೋಡಿದ್ದೇನೆ. ಅದೇ ಅನ್ನ, ಅದೇ ಸಾರು. ಅನ್ನ ಮೊದಲು ಉಂಡ ದಿನ 212. ಕೋಸಂಬರಿ-ಪಲ್ಯ ಮೊದಲು ತಿಂದ ದಿನ 171.

ಶಿವಮೊಗ್ಗದ ಡಯಟೀಶಿಯನ್:
ಒಂದೊಂದು ಸಲದ ಲೆಕ್ಕ ಅದು, ಎಲ್ಲರಿಗೂ ಅಷ್ಟೇ ಇಳಿಯುತ್ತೆ ಅಂತ ಹೇಳಲಾಗದು. ಆದರೆ ತರಕಾರಿ ಮತ್ತು ಪ್ರೊಟೀನ್ ಮೊದಲು, ಧಾನ್ಯ ಕೊನೆಗೆ ತಿಂದರೆ ಊಟದ ನಂತರದ ಏರಿಕೆ ಕಮ್ಮಿಯಾಗೋದು ನಿಜ. ಊಟವಾದ ಮೇಲೆ ಹತ್ತು-ಹದಿನೈದು ನಿಮಿಷ ಓಡಾಡಿದರೂ ಅಷ್ಟೇ. ಎರಡು ಗಂಟೆಯ ಲೆಕ್ಕವನ್ನು ಮೊದಲ ತುತ್ತಿನಿಂದ ಹಿಡಿಯಿರಿ, ಕೈ ತೊಳೆದ ಮೇಲಿಂದ ಅಲ್ಲ.

ಲೀಡ್ಸ್ ಕನ್ನಡಿಗ:
ನಾನು ಇಂಗ್ಲೆಂಡಿನಲ್ಲಿ ಇದ್ದೇನೆ. ಇಲ್ಲಿ ಸೂಪರ್ ಮಾರ್ಕೆಟ್ಟಿನಲ್ಲಿ ಹೂಕೋಸಿನ ಅನ್ನ ಫ್ರೋಜನ್ ಪ್ಯಾಕೆಟ್ ಸಿಗುತ್ತೆ. ಅದಕ್ಕೆ ಊರಿಂದ ತಂದ ಪುಳಿಯೋಗರೆ ಗೊಜ್ಜು ಕಲಸಿದರೆ ಮುಕ್ಕಾಲು ಪಾಲು ಪುಳಿಯೋಗರೆಯೇ. ನಿನ್ನೆ ತಿಂದು ಎರಡು ಗಂಟೆಗೆ ನೋಡಿದೆ, 7.4. ಹೋದ ವಾರ ನಿಜವಾದ ಅನ್ನದ ಪುಳಿಯೋಗರೆಗೆ 11.2 ಬಂದಿತ್ತು.

ಹಳೇ ಶುಗರ್:
ಏನಪ್ಪಾ, ಒಂದೇ ವಾರದಲ್ಲಿ ಎಚ್‌ಬಿಎ1ಸಿ 11ರಿಂದ 7ಕ್ಕೆ ಬಂತಾ? ಅದು ಮೂರು ತಿಂಗಳ ಸರಾಸರಿ ಅಲ್ವಾ?

ಲೀಡ್ಸ್ ಕನ್ನಡಿಗ:
ಅಯ್ಯೋ, ಕ್ಷಮಿಸಿ ಸರ್. ಇಲ್ಲಿನ ಮೀಟರಿನ ಲೆಕ್ಕವೇ ಬೇರೆ. 18ರಿಂದ ಗುಣಿಸಿದರೆ ನಿಮ್ಮ ಲೆಕ್ಕ ಸಿಗುತ್ತೆ. 7.4 ಅಂದರೆ 133. 11.2 ಅಂದರೆ ಸುಮಾರು 200. ನಮ್ಮಮ್ಮ ಊರಿಂದ ಫೋನ್ ಮಾಡಿ "ನಂದು 160" ಅಂದಾಗ ಮೊದಮೊದಲು ನಾನೇ ಬೆಚ್ಚಿಬಿದ್ದಿದ್ದೆ.

ತುಮಕೂರಿನ ಸೊಸೆ:
ಹೂಕೋಸಿನ ಅನ್ನ ನಾನೂ ಮಾಡಿದೆ. ಪಾಯಸದ ಹಾಗಾಯಿತು. ಮಕ್ಕಳು ಮೂಗು ಮುಚ್ಚಿಕೊಂಡರು. ಮಾವ ಏನೂ ಅನ್ನದೆ ಎದ್ದು ಹೋಗಿ ಬಾಳೆಹಣ್ಣು ತಿಂದರು.

ಕೀಟೋ ಕುಮಾರ:
ಮುಚ್ಚಳ ಮುಚ್ಚಿದ್ರಾ? ಉಪ್ಪು ಮೊದಲೇ ಹಾಕಿದ್ರಾ? ಎರಡೂ ತಪ್ಪು. ಹೂಕೋಸು ತೊಳೆದು ಬಟ್ಟೆ ಮೇಲೆ ಪೂರ್ತಿ ಒಣಗಿಸಬೇಕು. ಆಮೇಲೆ ತುರಿಯಬೇಕು, ಮಿಕ್ಸಿಗೆ ಹಾಕಿದರೆ ಒಂದೆರಡು ಸುತ್ತು ಮಾತ್ರ. ತುರಿದದ್ದನ್ನ ಪಂಚೆ ಬಟ್ಟೆಯಲ್ಲಿ ಕಟ್ಟಿ ಹಿಂಡಿ, ಒಂದು ಹೂವಿಗೆ ಅರ್ಧ ಲೋಟ ನೀರು ಬರುತ್ತೆ. ಅಗಲ ಬಾಣಲೆ, ಜೋರು ಉರಿ, ಮುಚ್ಚಳ ಬೇಡ, ನಾಲ್ಕೈದು ನಿಮಿಷ. ಉಪ್ಪು ಕೊನೆಗೆ. ಬಿಸಿ ಆರಿದ ಮೇಲೆ ಚಿತ್ರಾನ್ನದ ಒಗ್ಗರಣೆ ಕಲಸಿ. ನಿಂಬೆಹಣ್ಣು, ಕಡಲೆಕಾಯಿ ಬೀಜ ಧಾರಾಳ ಇರಲಿ. ಸಾರಿಗೆ ಕಲಸಿಕೊಳ್ಳೋಕೆ ಮಾತ್ರ ಇದು ಆಗಲ್ಲ, ಅದನ್ನ ನಾನೂ ಒಪ್ಪುತ್ತೇನೆ.

ಮಾವನಿಗೆ ನಾಳೆಯಿಂದ ಬೆಳಗ್ಗೆ ದೋಸೆ ಕಟ್ ಮಾಡಿ, ಎರಡು ಮೊಟ್ಟೆ, ಒಂದು ಬಟ್ಟಲು ಬೀನ್ಸ್ ಪಲ್ಯ ಕೊಟ್ಟು ನೋಡಿ. ಮೀಟರ್ ನೋಡಿ ನೀವೇ ನಂಬಲ್ಲ.

ಮಲೆನಾಡಿನ ಅಮ್ಮ:
ನನಗೆ 58, ನನಗೂ ಶುಗರ್, ಅಡುಗೆ ಮಾಡುವವಳೂ ನಾನೇ. ಸಾಗರದ ಕಡೆ. ನಮ್ಮಲ್ಲಿ ಸಾರು, ಹುಳಿ, ಗೊಜ್ಜು ಎಲ್ಲಕ್ಕೂ ಬೆಲ್ಲ ಬೀಳುತ್ತದೆ. ಬೆಲ್ಲ ಸಕ್ಕರೆಗಿಂತ ಒಳ್ಳೇದು ಅಂತ ಹತ್ತು ವರ್ಷ ನಂಬಿದ್ದೆ. ಶುಗರ್ ಏರಿಸೋದರಲ್ಲಿ ಎರಡೂ ಅಣ್ಣ-ತಮ್ಮ.

ಬರೀ ಬೆಲ್ಲ ನಿಲ್ಲಿಸಿದರೆ ಹುಳಿ ಬಾಯಿಗೆ ಹೊಡೆಯುತ್ತದೆ, ಮನೆಯವರು ಬೈಯುತ್ತಾರೆ. ನನಗೆ ತಡವಾಗಿ ಹೊಳೆದದ್ದು ಏನಂದರೆ, ಬೆಲ್ಲ ಹಾಕೋದೇ ಹುಣಸೆಹಣ್ಣಿನ ಹುಳಿ ಮುರಿಯೋಕೆ. ಹುಣಸೆಹಣ್ಣು ಅರ್ಧಕ್ಕೆ ಇಳಿಸಿದೆ, ಬೆಲ್ಲ ಬೇಕೇ ಆಗಲಿಲ್ಲ. ಕಾಯಿ ಸ್ವಲ್ಪ ಹುರಿದು ರುಬ್ಬಿದರೆ ಸಿಹಿ ತಾನಾಗಿ ಬರುತ್ತದೆ. ಸಾರು ಗಟ್ಟಿಯಾಗೋಕೆ ಅಕ್ಕಿಹಿಟ್ಟು ಕಲಸುವವರು ಅದನ್ನ ಬಿಟ್ಟು ಬೆಂದ ಬೇಳೆಯನ್ನೇ ಚೆನ್ನಾಗಿ ಮಸೆಯಿರಿ.

ಮತ್ತೆ ತಂಬುಳಿ. ಒಂದೆಲಗ, ದೊಡ್ಡಪತ್ರೆ, ನೆಲ್ಲಿಕಾಯಿ, ಮೆಂತ್ಯ, ಏನಾದರೂ ಸರಿ. ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಳುಮೆಣಸು, ಕಾಯಿ ಹಾಕಿ ರುಬ್ಬಿ ಮಜ್ಜಿಗೆಗೆ ಕಲಸೋದು. ನಾನು ಅನ್ನಕ್ಕೆ ಕಲಸಲ್ಲ, ಲೋಟಕ್ಕೆ ಹಾಕಿಕೊಂಡು ಕುಡಿಯುತ್ತೇನೆ. ಊಟಕ್ಕೆ ಮೊದಲು ಒಂದು ದೊಡ್ಡ ಲೋಟ ಕುಡಿದರೆ ಹೊಟ್ಟೆ ಅರ್ಧ ತುಂಬಿತು.

ಕುಡ್ಲದ ಮೀನು:
ನಮ್ಮ ಊರಲ್ಲಿ "ಕುಚ್ಚಲಕ್ಕಿ, ಅಲ್ವಾ? ಶುಗರ್‌ಗೆ ಏನೂ ಆಗಲ್ಲ" ಅನ್ನುವವರು ಮನೆಗೊಬ್ಬರು. ಬಿಳಿ ಅಕ್ಕಿಗಿಂತ ಚೂರು ನಿಧಾನ ಇರಬಹುದು. ರಾಶಿ ಹಾಕಿಕೊಂಡರೆ ಅದೂ ಅನ್ನವೇ. ನಾನು ಒಂದು ಸೌಟು ಅನ್ನ, ಮೂರು ಬಂಗುಡೆ ಪುಳಿಮುಂಚಿ, ಬಸಳೆ-ಹುರುಳಿ ಗಸಿ. ಭಾನುವಾರ ಕೋರಿ ರೊಟ್ಟಿಯಲ್ಲಿ ರೊಟ್ಟಿ ಎರಡೇ ತುಂಡು, ಕೋರಿ ಲೆಕ್ಕವಿಲ್ಲ. ಮೀನು, ಕೋಳಿಯಲ್ಲಿ ಕಾರ್ಬೇ ಇಲ್ಲ. ರವೆಯಲ್ಲಿ ಹೊರಳಿಸಿ ಕರಿದ ಮೀನು ಮಾತ್ರ ಬೇರೆ ಕಥೆ.

ತುಮಕೂರಿನ ಸೊಸೆ:
ಇವತ್ತು ಒಂದು ಗಾಬರಿ ಆಯಿತು. ನಾಲ್ಕು ದಿನದಿಂದ ಕುಮಾರ ಅವರು ಹೇಳಿದ ಹಾಗೆ ಬೆಳಗ್ಗೆ ಮೊಟ್ಟೆ, ಪಲ್ಯ ಕೊಡುತ್ತಿದ್ದೆ. ಡಾಕ್ಟರ ಹತ್ತಿರ ಶನಿವಾರ ಹೋಗೋಣ ಅಂತ ಸುಮ್ಮನಿದ್ದೆ, ತಪ್ಪು ನನ್ನದೇ. ಬೆಳಗ್ಗೆ ಹನ್ನೊಂದೂಕಾಲಿಗೆ ಅತ್ತೆ ಫೋನ್ ಮಾಡಿದರು. ಮಾವನಿಗೆ ಮೈಯೆಲ್ಲ ಬೆವರು, ಕೈ ನಡುಕ, ಮಾತು ತಡವರಿಸುತ್ತಿದೆ ಅಂತ. ಮೀಟರ್ ನೋಡಿ ಅಂದೆ. 62. ಲೋಟ ನೀರಿಗೆ ಮೂರು ಟೀ ಚಮಚ ಸಕ್ಕರೆ ಕದಡಿ ಕುಡಿಸಿ ಅಂದೆ. ಅತ್ತೆಗೆ ನಂಬಿಕೆಯೇ ಬರಲಿಲ್ಲ. "ಶುಗರ್ ಇರುವವರಿಗೆ ಸಕ್ಕರೆ ಕುಡಿಸು ಅಂತೀಯಲ್ಲೇ" ಅಂದರು. ಹದಿನೈದು ನಿಮಿಷ ಬಿಟ್ಟು ನೋಡಿದರೆ 94. ಆಮೇಲೆ ಅರ್ಧ ಚಪಾತಿ ಕೊಟ್ಟರು. ಅಷ್ಟರಲ್ಲಿ ನಾನು ಆಟೊ ಹಿಡಿದು ಮನೆಗೆ ಬಂದಿದ್ದೆ.

ಶಿವಮೊಗ್ಗದ ಡಯಟೀಶಿಯನ್:
ಸರಿಯಾದ ಕೆಲಸವನ್ನೇ ಮಾಡಿದ್ದೀರಿ. 70ಕ್ಕಿಂತ ಕೆಳಗೆ ಇಳಿದರೆ ಮೊದಲು ಸಕ್ಕರೆ, 15 ಗ್ರಾಂ ಅಷ್ಟು. 15 ನಿಮಿಷ ಬಿಟ್ಟು ಮತ್ತೆ ನೋಡೋದು, ಇನ್ನೂ ಕಮ್ಮಿ ಇದ್ದರೆ ಮತ್ತೆ ಅಷ್ಟೇ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ನೇರ ಆಸ್ಪತ್ರೆಗೆ. ಶನಿವಾರದವರೆಗೆ ಕಾಯಬೇಡಿ, ಇವತ್ತೇ ಡಾಕ್ಟರಿಗೆ ಫೋನ್ ಮಾಡಿ.

ಓದುತ್ತಿರುವ ಉಳಿದವರಿಗೂ ಹೇಳುತ್ತೇನೆ. ಬರೀ ಮೆಟ್‌ಫಾರ್ಮಿನ್ ತಗೊಳ್ಳುವವರಿಗೆ ಹೀಗಾಗೋದು ಅಪರೂಪ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಇನ್ಸುಲಿನ್ ಇದ್ದವರಿಗೆ ಆಗುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ ಮಾತ್ರೆ ತಗೊಳ್ಳುವವರು ಕೀಟೋ ಊಟಕ್ಕೆ, ಅಂದರೆ ಕುಮಾರ ಅವರ ಥರ ಕಾರ್ಬ್ ಬಹುಪಾಲು ಬಿಟ್ಟ ಊಟಕ್ಕೆ, ಇಳಿಯಲೇಬೇಡಿ. ಮೀಟರಿನಲ್ಲಿ ಶುಗರ್ ಅಷ್ಟೇನೂ ಜಾಸ್ತಿ ಕಾಣದೇ ಇದ್ದರೂ ರಕ್ತ ಆಮ್ಲೀಯವಾಗಿ ಜೀವಕ್ಕೇ ಅಪಾಯ ಬರಬಹುದು. ಕಿಡ್ನಿ ತೊಂದರೆ ಇದ್ದವರು ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ಡಾಕ್ಟರಿಗೆ ತೋರಿಸದೆ ಪ್ರೊಟೀನ್ ಏರಿಸಬಾರದು.

ಕೀಟೋ ಕುಮಾರ:
ಅಕ್ಕ, ತಪ್ಪಾಯಿತು. ನಾನು ಮಾತ್ರೆ ವಿಷಯ ಯೋಚಿಸಲೇ ಇಲ್ಲ. ನನಗೆ ಮೆಟ್‌ಫಾರ್ಮಿನ್ ಒಂದೇ ಇತ್ತು. ಮಾವನವರು ಈಗ ಹೇಗಿದ್ದಾರೆ?

ತುಮಕೂರಿನ ಸೊಸೆ:
ಚೆನ್ನಾಗಿದ್ದಾರೆ ಕುಮಾರ ಅವರೇ, ಬೇಜಾರು ಮಾಡಿಕೊಳ್ಳಬೇಡಿ. ಡಾಕ್ಟರು ಗ್ಲಿಮೆಪಿರೈಡ್ ಅರ್ಧಕ್ಕೆ ಇಳಿಸಿದರು. "ಊಟ ಬದಲಾಯಿಸಿ, ಆದರೆ ಮೆಟ್ಟಿಲು ಇಳಿದ ಹಾಗೆ ಇಳೀರಿ, ಹಾರಬೇಡಿ" ಅಂದರು. ಮಾವನಿಗೆ ಒಂದು ಲಾಭವಾಗಿದೆ, ಈಗ ಮೀಟರ್ ಕೆಟ್ಟಿದೆ ಅನ್ನುತ್ತಿಲ್ಲ.

ಹಾಗಾದರೆ ದಿನಕ್ಕೆ ಎಷ್ಟು ಕಾರ್ಬ್ ಇಟ್ಟುಕೊಳ್ಳಲಿ ಮೇಡಂ? ಬೆಳಗಿನ ತಿಂಡಿಯೇ ದೊಡ್ಡ ತಲೆನೋವು. ಮಕ್ಕಳಿಗೂ ಅದೇ ಆಗಬೇಕು.

ಶಿವಮೊಗ್ಗದ ಡಯಟೀಶಿಯನ್:
ಎಲ್ಲರಿಗೂ ಒಂದೇ ಅಂಕಿ ಇಲ್ಲ. 2022ರಲ್ಲಿ ಇದೇ ಇಂಡಿಯಾಬ್ ತಂಡದವರು ಒಂದು ಲೆಕ್ಕ ಕೊಟ್ಟರು. ಹೊಸದಾಗಿ ಶುಗರ್ ಬಂದವರಲ್ಲಿ ಅದು ಹಿಂದೆ ಸರಿಯಬೇಕಾದರೆ ಕ್ಯಾಲೊರಿಯಲ್ಲಿ ಕಾರ್ಬ್ ಶೇ 49-54ಕ್ಕೆ ಇಳಿದು, ಪ್ರೊಟೀನ್ ಶೇ 19-20ಕ್ಕೆ ಏರಬೇಕು ಅಂತ. ಅಂದರೆ ಕುಮಾರ ಅವರ 20 ಗ್ರಾಂ ತನಕ ಹೋಗಬೇಕಾಗಿಲ್ಲ. ಶೇ 62ರಿಂದ ಶೇ 50ಕ್ಕೆ ಬರೋದೇ ನಮ್ಮ ಊಟಕ್ಕೆ ದೊಡ್ಡ ಬದಲಾವಣೆ. ನಾನು ಹಿರಿಯರಿಗೆ ಶುರುವಿಗೆ ಹೇಳೋದು, ಒಂದು ಹೊತ್ತಿನ ಧಾನ್ಯದಿಂದ 25-30 ಗ್ರಾಂ ಕಾರ್ಬ್. ಮುದ್ದೆಯಾದರೆ 110 ಗ್ರಾಂ, ದೊಡ್ಡ ನಿಂಬೆಹಣ್ಣಿಗಿಂತ ಚೂರು ದಪ್ಪ. ಅನ್ನವಾದರೆ 100 ಗ್ರಾಂ.

ತಿಂಡಿಗೆ ಹೆಸರುಕಾಳು ದೋಸೆ ಮಾಡಿ. ರಾತ್ರಿ ನೆನೆಹಾಕಿ, ಬೆಳಗ್ಗೆ ಹಸಿಶುಂಠಿ, ಹಸಿಮೆಣಸು, ಜೀರಿಗೆ, ಕೊತ್ತಂಬರಿ ಹಾಕಿ ರುಬ್ಬಿ. ಹುದುಗು ಬೇಡ. ಒಂದು ಹಿಡಿ ಅಕ್ಕಿ ಹಾಕುವ ಅಭ್ಯಾಸ ಇದ್ದರೆ ಬಿಡಿ. ಕಾವಲಿ ಕಾದ ಮೇಲೆ ಅರ್ಧ ಈರುಳ್ಳಿಯಿಂದ ಉಜ್ಜಿ ಹಾಕಿದರೆ ಅಂಟಲ್ಲ. ಅಕ್ಕಿ ದೋಸೆಗೆ ಹೋಲಿಸಿದರೆ ಕಾರ್ಬ್ ಕಮ್ಮಿ, ಪ್ರೊಟೀನ್ ಜಾಸ್ತಿ. ಕಡಲೆಬೀಜ ಅಥವಾ ಕಾಯಿ ಚಟ್ನಿ ಜೊತೆ ಎರಡು ದೋಸೆಗೆ ಹೊಟ್ಟೆ ತುಂಬುತ್ತದೆ.

ಮಲೆನಾಡಿನ ಅಮ್ಮ:
ಉಪ್ಪಿಟ್ಟಿಗೆ ನನ್ನದೊಂದು ಉಪಾಯ. ಸಣ್ಣಗೆ ಹೆಚ್ಚಿದ ಎಲೆಕೋಸು ಮೂರು ಲೋಟ, ರವೆ ಕಾಲು ಲೋಟ. ಒಗ್ಗರಣೆಗೆ ಉದ್ದಿನಬೇಳೆ, ಕಡಲೆಬೇಳೆ ಎಂದಿನ ಎರಡರಷ್ಟು. ಕೋಸು ಬಾಡಿದ ಮೇಲೆ ಹುರಿದ ರವೆ ಉದುರಿಸಿ, ಅರ್ಧ ಲೋಟ ಬಿಸಿನೀರು ಚಿಮುಕಿಸಿ, ಸಾಕು. ಕೋಸೇ ನೀರು ಬಿಡುತ್ತದೆ. ಕೊನೆಗೆ ಕಾಯಿತುರಿ, ನಿಂಬೆಹುಳಿ. ನಮ್ಮ ಯಜಮಾನರು ಎರಡು ತಿಂಗಳು ಇದನ್ನ ಉಪ್ಪಿಟ್ಟು ಅಂತಲೇ ತಿಂದರು. ಕೋಸು ಜಾಸ್ತಿ ಇದೆ ಅಂತ ಗೊತ್ತಾದದ್ದು ನಾನು ಹೇಳಿದ ಮೇಲೆ.

ಧಾರವಾಡದಾಕಿ:
ಒಂದು ಸಂಕಟ ಹೇಳಿಕೊಳ್ಳಲೇ? "ಡಯಾಬಿಟಿಸ್‌ನವರಿಗೆ" ಅಂತ ದೊಡ್ಡದಾಗಿ ಬರೆದ ಹಿಟ್ಟು ತಂದಿದ್ದೆ. ಮಾಮೂಲಿ ಹಿಟ್ಟಿನ ಎರಡರಷ್ಟು ದರ. ಮನೆಗೆ ಬಂದು ಹಿಂಬದಿ ಓದಿದರೆ ಗೋಧಿಯೇ ಶೇ 85. ಸಕ್ಕರೆ ಇಲ್ಲದ ಬಿಸ್ಕತ್ತೂ ಅಷ್ಟೇ. ಸಕ್ಕರೆ ಇಲ್ಲ, ಮೈದಾ ಇದೆ. ಆ ದುಡ್ಡಿಗೆ ಎರಡು ಕೆಜಿ ಶೇಂಗಾ ಬರುತ್ತಿತ್ತು.

ಲೀಡ್ಸ್ ಕನ್ನಡಿಗ:
ಪ್ಯಾಕೆಟ್ ಹಿಂದೆ "ಸಕ್ಕರೆ" ಸಾಲು ಓದಬೇಡಿ, "ಒಟ್ಟು ಕಾರ್ಬೋಹೈಡ್ರೇಟ್" ಸಾಲು ಓದಿ. ನಾನು ಓಟ್ಸ್ ವಿಷಯದಲ್ಲಿ ಹೀಗೇ ಮೋಸ ಹೋದೆ.

ಹಳೇ ಶುಗರ್:
ಹಬ್ಬದ ವಿಷಯ ಯಾರೂ ಎತ್ತಲಿಲ್ಲ. ನಾನಂತೂ ಒಬ್ಬಟ್ಟು ಬಿಟ್ಟಿಲ್ಲ. ಊಟದ ಕೊನೆಗೆ ಅರ್ಧ, ಅವತ್ತು ಅನ್ನ ಸೊನ್ನೆ. ಏಕಾದಶಿಯೇ ದೊಡ್ಡ ಮೋಸ ನೋಡಿ. ಅನ್ನ ತಿನ್ನಬಾರದು ಅಂತ ಅವಲಕ್ಕಿ, ಸಬ್ಬಕ್ಕಿ ಕಿಚಡಿ, ಬಾಳೆಹಣ್ಣಿನ ರಸಾಯನ. ಸಬ್ಬಕ್ಕಿ ಅಂದರೆ ಹೆಚ್ಚುಕಡಿಮೆ ಬರೀ ಪಿಷ್ಟ. ಉಪವಾಸದ ದಿನವೇ ನನಗೆ 260 ಬಂದಿತ್ತು. ಈಗ ಮಜ್ಜಿಗೆ, ನೆನೆಸಿದ ಕಡಲೆಬೀಜ. ದೇವರು ಏನೂ ಅಂದಿಲ್ಲ.

ತುಮಕೂರಿನ ಸೊಸೆ:
ಮೂರು ತಿಂಗಳು ಬಿಟ್ಟು ಬರೆಯುತ್ತಿದ್ದೇನೆ. ಎಚ್‌ಬಿಎ1ಸಿ 7.1. ಗ್ಲಿಮೆಪಿರೈಡ್ ಪೂರ್ತಿ ನಿಂತಿದೆ. ತೂಕ ನಾಲ್ಕು ಕೆಜಿ ಇಳಿದಿದೆ.

ಎರಡು ಅಡುಗೆ ಮಾಡುತ್ತಿಲ್ಲ. ಸಾರು, ಪಲ್ಯ ಎಲ್ಲರಿಗೂ ಒಂದೇ. ಪಲ್ಯ ಮಾತ್ರ ಮೊದಲಿನ ಎರಡರಷ್ಟು ಮಾಡುತ್ತೇನೆ, ತರಕಾರಿ ಖರ್ಚು ಏರಿದೆ, ಅದು ನಿಜ. ರಾತ್ರಿಯೇ ಹೆಚ್ಚಿಟ್ಟುಕೊಳ್ಳಬೇಕು. ಹುರುಳಿಕಾಯಿ ನಾರು ತೆಗೆಯೋ ಕೆಲಸ ಈಗ ಮಾವನದು, ಟಿವಿ ನೋಡುತ್ತಾ ಕೂತು ಮಾಡುತ್ತಾರೆ. ಹೆಸರುಕಾಳು ದೋಸೆ ಮಕ್ಕಳಿಗೆ ಹಿಡಿಸಿದೆ. ಹೂಕೋಸಿನ ಚಿತ್ರಾನ್ನ ಹಿಂಡಿ ಮಾಡಿದ ಮೇಲೆ ಪರವಾಗಿಲ್ಲ, ಹದಿನೈದು ದಿನಕ್ಕೊಂದು ಸಲ. ಹೂಕೋಸಿನ ಪುಳಿಯೋಗರೆಯನ್ನ ಅತ್ತೆ ಇನ್ನೂ ಒಪ್ಪಿಲ್ಲ. ಬೆಲ್ಲದ ಉಪಾಯಕ್ಕೆ ಮಲೆನಾಡಿನ ಅಮ್ಮನಿಗೆ ದೊಡ್ಡ ನಮಸ್ಕಾರ.

ಮುದ್ದೆ ಈಗ ದಿನಕ್ಕೆ ಒಂದೇ ಹೊತ್ತು, 110 ಗ್ರಾಂ. ತಕ್ಕಡಿ ಮಾವನ ಕೈಲೇ ಇದೆ. 118 ತೋರಿಸಿದರೆ "ಬಟ್ಟಲಿನ ತೂಕ ಸೇರಿದೆ ಕಣಮ್ಮ" ಅಂತ ವಾದ. ಬಟ್ಟಲಿಟ್ಟು ಸೊನ್ನೆ ಒತ್ತಿದ್ದು ನಾನೇ ನೋಡಿರುತ್ತೇನೆ. ಸುಮ್ಮನಿರುತ್ತೇನೆ.

ಈಗ ಹೊಸ ತಾಪತ್ರಯ. ಅವರೆಕಾಯಿ ಕಾಲ ಶುರುವಾಯಿತು. ಭಾನುವಾರ ಹಿತಕಿದ ಬೇಳೆ ಸಾರು. ಅದಕ್ಕೆ 110 ಗ್ರಾಂ ಮುದ್ದೆ ಅಂದರೆ ಅವಮಾನ, ಇನ್ನೊಂದು ಮಂಜೂರು ಮಾಡಿಸು ಅಂತ ಈಗಲೇ ಅರ್ಜಿ ಬಂದಿದೆ. ಇಲ್ಲಿ ಕೇಳಿ ಹೇಳು ಅಂದಿದ್ದಾರೆ.

ಹಳೇ ಶುಗರ್:
ಅರ್ಜಿ ವಜಾ ಆಯಿತು ಅಂತ ತಿಳಿಸಿ. ಹಿತಕಿದ ಬೇಳೆ ಎರಡು ಬಟ್ಟಲು ಮಂಜೂರು. ಭಾನುವಾರ ಎಷ್ಟು ಗಂಟೆಗೆ ಊಟ?